ಅಬಕಾರಿ ಕರದ ಮುದ್ರಾಂಕಗಳು: ಭಟ್ಕಳ ಕರಾವಳಿಯ ಒಂದು ಆಕರ ವಿಚಾರ

ಅಂಚೆಚೀಟಿಯು ಪತ್ರದ ಸಾಗಾಣಿಕೆಗಾಗಿ ತೆತ್ತ ಹಣದ ಗುರುತಾದರೆ, ಕಂದಾಯ ಮುದ್ರಾಂಕವು ಪ್ರಭುತ್ವಕ್ಕೆ ಸಲ್ಲಿಸಿದ ಕರದ ಗುರುತು. ಮೊದಲನೆಯದನ್ನು ಸಂಗ್ರಹಿಸುವ ಹವ್ಯಾಸ ವ್ಯಾಪಕವಾಗಿದೆ. ಎರಡನೆಯದು ಕೆಲವೇ ಆಸಕ್ತರಿಗೆ ಸೀಮಿತವಾಗಿದೆ. ಸ್ಥಳೀಯ ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಎರಡನೆಯದರ ಮಹತ್ವ ಹೆಚ್ಚು. ಮದ್ಯದ ಮೇಲಿನ ಕರಕ್ಕೆ ಸಂಬಂಧಿಸಿದ ಮುದ್ರಾಂಕಗಳು ಈ ಮಾತಿಗೆ ಉತ್ತಮ ನಿದರ್ಶನ.

ಈ ವರ್ಗದಲ್ಲಿ ಸಂಗ್ರಾಹಕರ ಗಮನವನ್ನು ವಿಶೇಷವಾಗಿ ಸೆಳೆದಿರುವುದು ಅಮೆರಿಕದ ಬಿಯರ್ ಮುದ್ರಾಂಕಗಳು. ಅಂತರ್ಯುದ್ಧದ ವೆಚ್ಚವನ್ನು ಭರಿಸಲು ಆ ದೇಶವು 1862ರಲ್ಲಿ ಬಿಯರ್ ಪೀಪಾಯಿಯೊಂದಕ್ಕೆ ಒಂದು ಡಾಲರ್ ಕರ ವಿಧಿಸಿತು. ವಂಚನೆಯನ್ನು ತಡೆಯಲು 1866ರಿಂದ ಮುದ್ರಾಂಕಗಳು ಬಳಕೆಗೆ ಬಂದವು. ಪೀಪಾಯಿಗೆ ನಲ್ಲಿ ಕೂರಿಸುವ ರಂಧ್ರದ ಮೇಲೆ ಇವುಗಳನ್ನು ಅಂಟಿಸುತ್ತಿದ್ದುದರಿಂದ, ಪೀಪಾಯಿ ತೆರೆದೊಡನೆ ಮುದ್ರಾಂಕವೂ ಹರಿಯುತ್ತಿತ್ತು. ನಾಶವಾಗುವುದೇ ಅದರ ಉದ್ದೇಶ. ಹಾಗಾಗಿಯೇ ಉಳಿದುಬಂದವುಗಳಿಗೆ ಇಂದು ಬೆಲೆಯಿದೆ.

ಉತ್ತರ ಕನ್ನಡದ ಕರಾವಳಿಯಲ್ಲಿ ಇದಕ್ಕೆ ಸಂವಾದಿಯಾದುದು ಕಳ್ಳಿನ ಮೇಲಿನ ಕರ. ಆದರೆ ಕರದ ಸ್ವರೂಪ ಬೇರೆ. ಕಳ್ಳು ಕೆಲವೇ ಗಂಟೆಗಳಲ್ಲಿ ಹುಳಿಯುವ ಪದಾರ್ಥ. ಅದನ್ನು ಪೀಪಾಯಿಯಲ್ಲಿ ತುಂಬಿ, ಮುದ್ರೆಯೊತ್ತಿ ತಿಂಗಳುಗಟ್ಟಲೆ ಇಡುವಂತಿಲ್ಲ. ಆದುದರಿಂದ ಸರ್ಕಾರವು ಪಾತ್ರೆಯನ್ನು ಬಿಟ್ಟು ಮರವನ್ನೇ ಹಿಡಿಯಿತು. 1878ರ ಮುಂಬಯಿ ಅಬಕಾರಿ ಕಾಯಿದೆಯು ತೆಂಗು, ತಾಳೆ, ಈಚಲು ಮೊದಲಾದ ಮರಗಳಿಂದ ಇಳಿಸಿದ ರಸವನ್ನು, ಅದು ಹುಳಿತಿರಲಿ ಇಲ್ಲದಿರಲಿ, ಕಳ್ಳು ಎಂದೇ ಪರಿಗಣಿಸಿ, ಮರವನ್ನು ಕೆತ್ತಿ ರಸವಿಳಿಸಲು ಪರವಾನಗಿಯನ್ನು ಕಡ್ಡಾಯಗೊಳಿಸಿತು. ಭಟ್ಕಳದ ಮಗ್ಗುಲಲ್ಲಿರುವ ಜಾಲಿಯಂತಹ ತೆಂಗಿನ ಊರುಗಳಿಗೆ ಈ ಕಾಯಿದೆ ನೇರವಾಗಿ ಅನ್ವಯವಾಗುತ್ತಿತ್ತು. ಕಳ್ಳಿಳಿಸುವ ಕಸುಬಿನಲ್ಲಿ ಪರಂಪರೆಯಿಂದ ತೊಡಗಿದ್ದ ಹಳೆಪೈಕರು, ಅಂದರೆ ಇಂದಿನ ನಾಮಧಾರಿಗಳು, ಹೀಗೆ ಸರ್ಕಾರಿ ಕಾಗದಪತ್ರಗಳ ಲೋಕದೊಳಗೆ ಬಂದರು.

ಮಡಕೆಗೆ ಅಂಟಿಸಿದ ಚೀಟಿ ಇಲ್ಲಿಯ ಆಕರವಲ್ಲ. ಪರವಾನಗಿ, ಅರ್ಜಿ ಮತ್ತು ರಸೀದಿಗಳೇ ಆಕರ. 1870ರ ಕೋರ್ಟ್ ಫೀ ಕಾಯಿದೆಯ ಎರಡನೆಯ ಅನುಸೂಚಿಯು, ಸರ್ಕಾರದೊಡನೆ ವ್ಯವಹಾರವುಳ್ಳವರು ಆ ವ್ಯವಹಾರದ ಬಗೆಗೇ ಸುಂಕ ಅಥವಾ ಅಬಕಾರಿ ಅಧಿಕಾರಿಗೆ ಸಲ್ಲಿಸುವ ಅರ್ಜಿಗೆ ಒಂದು ಆಣೆಯ ಶುಲ್ಕವನ್ನು ಗೊತ್ತುಪಡಿಸಿತ್ತು. ಅದೇ ಕಾಯಿದೆಯ 30ನೆಯ ಕಲಮಿನಂತೆ, ಮುದ್ರಾಂಕದಲ್ಲಿನ ತಲೆಯ ಚಿತ್ರಕ್ಕೆ ರಂಧ್ರ ಹೊಡೆದು, ಮೊಬಲಗು ನಮೂದಾದ ಭಾಗವನ್ನು ಮಾತ್ರ ಉಳಿಸಿ, ಕತ್ತರಿಸಿ ಬಿದ್ದ ತುಣುಕನ್ನು ಸುಡಬೇಕಿತ್ತು ಅಥವಾ ನಾಶಪಡಿಸಬೇಕಿತ್ತು. ಅಮೆರಿಕದಲ್ಲಿ ಪೀಪಾಯಿಯ ನಲ್ಲಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಗುಮಾಸ್ತನ ರಂಧ್ರಯಂತ್ರ ಮಾಡುತ್ತಿತ್ತು. ರಂಧ್ರವಿರುವ ಮುದ್ರಾಂಕವನ್ನು ಸಂಗ್ರಾಹಕನು ಊನವಾದುದೆಂದು ತಳ್ಳಿಹಾಕಬಹುದು. ಸಂಶೋಧಕನಿಗಾದರೋ ಅರ್ಜಿಯು ಕಚೇರಿಯಲ್ಲಿ ದಾಖಲಾಯಿತೆಂಬುದಕ್ಕೆ ಆ ರಂಧ್ರವೇ ಸಾಕ್ಷಿ.

ಭಟ್ಕಳದ ಪರಿಸರಕ್ಕೆ ಇನ್ನೊಂದು ವೈಶಿಷ್ಟ್ಯವಿದೆ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಕೆನರಾ ಜಿಲ್ಲೆಯನ್ನು ವಿಭಾಗಿಸಿ, ಅದರ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಲಾಯಿತು. ಭಟ್ಕಳದ ದಕ್ಷಿಣಕ್ಕಿರುವ ಶಿರೂರು, ಬೈಂದೂರುಗಳು ಮದರಾಸಿನಲ್ಲಿಯೇ ಉಳಿದವು. ಅಲ್ಲಿ 1886ರ ಮದರಾಸು ಅಬಕಾರಿ ಕಾಯಿದೆ ನಡೆಯಿತು. ಒಂದೇ ಭಾಷೆ, ಒಂದೇ ಕಸುಬು, ಒಂದೇ ಬಗೆಯ ತೋಟಗಳಿರುವ ಕರಾವಳಿಯಲ್ಲಿ ಎರಡು ಅಬಕಾರಿ ಆಡಳಿತಗಳು ಎದುರುಬದುರಾಗಿದ್ದವು. 1949ರ ಮುಂಬಯಿ ಪಾನನಿರೋಧ ಕಾಯಿದೆಯು ಉತ್ತರದ ಭಾಗದಲ್ಲಿ ಇನ್ನೊಂದು ಅಧ್ಯಾಯವನ್ನು ತೆರೆಯಿತು. 1956ರ ನವೆಂಬರ್ 1ರಂದು ಎರಡೂ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿದವು. 1965ರಲ್ಲಿ ಏಕರೂಪದ ಅಬಕಾರಿ ಕಾಯಿದೆ ರಚಿತವಾಯಿತು.

ಸಂಗ್ರಾಹಕರ ಹಳೆಯ ರೂಢಿಯೊಂದು ಈ ಹಿನ್ನೆಲೆಯಲ್ಲಿ ಅಪಾಯಕಾರಿಯಾಗಿ ಕಾಣುತ್ತದೆ. ಅದು ದಾಖಲೆಯಿಂದ ಮುದ್ರಾಂಕವನ್ನು ಕತ್ತರಿಸಿ ಆಲ್ಬಮ್ಮಿನಲ್ಲಿ ಅಂಟಿಸುವ ರೂಢಿ. 1906ರಿಂದ ಅಂಚೆಗೂ ಕಂದಾಯಕ್ಕೂ ಸಮಾನವಾಗಿ ಸಲ್ಲುವ ಒಂದಾಣೆಯ ಚೀಟಿಗಳು ಬ್ರಿಟಿಷ್ ಭಾರತದಾದ್ಯಂತ ಒಂದೇ ವಿನ್ಯಾಸದಲ್ಲಿ ಬಂದವು. 1899ರ ಭಾರತೀಯ ಮುದ್ರಾಂಕ ಕಾಯಿದೆಯಂತೆ ಇಪ್ಪತ್ತು ರೂಪಾಯಿ ಮೀರಿದ ರಸೀದಿಗೆ ಒಂದಾಣೆಯ ಮುದ್ರಾಂಕ ಬೇಕಿತ್ತು. ಜಾಲಿಯ ರಸೀದಿಯಿಂದ ಕತ್ತರಿಸಿದ ಚೀಟಿಗೂ ಶಿರೂರಿನ ರಸೀದಿಯದಕ್ಕೂ ಆಗ ಯಾವ ಭೇದವೂ ಉಳಿಯುವುದಿಲ್ಲ. ಯಾರ ಮರ, ಎಷ್ಟು ಮರ, ಗುತ್ತಿಗೆದಾರ ಯಾರು, ಬಾಕಿ ಎಷ್ಟು ಎಂಬುದೆಲ್ಲ ಉಳಿದ ಕಾಗದದಲ್ಲಿರುತ್ತದೆ. ಆ ಕಾಗದವೇ ರದ್ದಿಗೆ ಹೋಗುತ್ತದೆ. ಅಕ್ಷರ ಬಲ್ಲವರು ವಿರಳವಾಗಿದ್ದ ಕಸುಬುದಾರರ ಬದುಕು ಬರಹದಲ್ಲಿ ದಾಖಲಾಗಿರುವ ಸಂದರ್ಭಗಳೇ ಕಡಿಮೆಯಾದುದರಿಂದ, ಇಂತಹ ಒಂದೊಂದು ಹಾಳೆಯ ನಷ್ಟವೂ ದೊಡ್ಡದು.

ಸಂಗ್ರಹದ ಕ್ರಮವು ಇದಕ್ಕೆ ಅನುಗುಣವಾಗಿ ಬದಲಾಗಬೇಕು. ಮುದ್ರಾಂಕವನ್ನು ಕಾಗದದಿಂದ ಬೇರ್ಪಡಿಸಬಾರದು. ಅಂಟುಪಟ್ಟಿ ಹಚ್ಚುವುದಾಗಲಿ ಪ್ಲಾಸ್ಟಿಕ್ ಲೇಪಿಸುವುದಾಗಲಿ ಸಲ್ಲದು. ಹಾಳೆಯ ಎರಡೂ ಮಗ್ಗುಲುಗಳ ಛಾಯಾಪ್ರತಿ ತೆಗೆದು, ದೊರೆತ ಊರು, ದೊರೆತ ದಿನಾಂಕ ಮತ್ತು ಜೊತೆಗಿದ್ದ ಇತರ ಕಾಗದಗಳ ವಿವರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಬೇಕು. ಜಿಲ್ಲೆಯ ಆಡಳಿತ ಕಾಲಕಾಲಕ್ಕೆ ಕೈಬದಲಾದುದರಿಂದ ಅದರ ಸರ್ಕಾರಿ ಕಡತಗಳನ್ನು ಚೆನ್ನೈ, ಮುಂಬಯಿ, ಬೆಂಗಳೂರುಗಳ ಪತ್ರಾಗಾರಗಳಲ್ಲಿ ಅರಸಬೇಕಾಗುತ್ತದೆ. ಮನೆಗಳ ಪೆಟ್ಟಿಗೆಗಳಲ್ಲಿ ಉಳಿದ ಹಾಳೆಗಳು ಮಾತ್ರ ಇನ್ನೂ ಊರಿನಲ್ಲಿಯೇ ಇವೆ. ಮರಕ್ಕೆ ಕರ ತೆತ್ತವನ ಹೆಸರು ಮುದ್ರಾಂಕದ ಮೇಲಿಲ್ಲ, ಅದರ ಕೆಳಗಿನ ಕಾಗದದಲ್ಲಿದೆ ಎಂಬುದನ್ನು ಸಂಗ್ರಾಹಕರು ಮನಗಂಡಲ್ಲಿ ಅವರ ಹವ್ಯಾಸವು ಚರಿತ್ರೆಯ ಅಧ್ಯಯನಕ್ಕೆ ನೆರವಾದೀತು.