ಡಿಸ್ಕ್ ಹಾಕಿದರೂ ಕಂಪ್ಯೂಟರ್ ಏಳುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮೊದಲು ಇದನ್ನು ಓದಿ

ತೇನಿ: ತಮಿಳುನಾಡು ಸರ್ಕಾರ 2011ರ ಸೆಪ್ಟೆಂಬರ್ 15ರಂದು ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭಿಸಿತು. ಆಗ ಪ್ಲಸ್ ಟೂ ಓದುತ್ತಿದ್ದ ಮಕ್ಕಳು ಈಗ ಕೆಲಸ, ಸಂಸಾರ ಎಂದು ಊರು ಬಿಟ್ಟಿದ್ದಾರೆ. ಲ್ಯಾಪ್‌ಟಾಪ್ ಮಾತ್ರ ಬೀರುವಿನಲ್ಲಿ ಉಳಿದಿದೆ. ಒಂದು ದಿನ ಬಟನ್ ಒತ್ತಿದರೆ ಕಪ್ಪು ಪರದೆ, ಮೇಲೆ ನಾಲ್ಕು ಬಿಳಿ ಇಂಗ್ಲಿಷ್ ಸಾಲು. ಯಾರೋ ವಿಂಡೋಸ್ ಡಿಸ್ಕ್ ತಂದು ಹಾಕುತ್ತಾರೆ. ಅದರಿಂದಲೂ ಏಳುವುದಿಲ್ಲ. ಅಂಗಡಿಗೆ ಒಯ್ದರೆ ಒಂದೇ ಮಾತು: "ಫಾರ್ಮ್ಯಾಟ್ ಮಾಡಬೇಕು." ನಾವೂ ತಲೆಯಾಡಿಸುತ್ತೇವೆ.

ಅಲ್ಲಿಗೆ ಮದುವೆ ಫೋಟೋ ಹೋಯಿತು, ಸ್ಕ್ಯಾನ್ ಮಾಡಿಟ್ಟ ಪಟ್ಟಾ ಹೋಯಿತು. ಅಜ್ಜಿಯ ಸೋಬಾನೆ ಪದ ರೆಕಾರ್ಡ್ ಮಾಡಿಟ್ಟಿದ್ದರೆ ಅದೂ ಹೋಯಿತು. ಕಂಬಂ ಕಣಿವೆಯಲ್ಲಿ, ದಿಂಡಿಗಲ್ ಸುತ್ತಮುತ್ತ ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದವರಿಗೆ ಇದರ ಬೆಲೆ ಗೊತ್ತು. ನಮ್ಮ ಮನೆಮಾತಿನ ಆ ಧಾಟಿ ಅಂಗಡಿಯಲ್ಲಿ ಸಿಗುವ ಸಿ.ಡಿ.ಯಲ್ಲಿ ಇರುವುದಿಲ್ಲ.

ಡಿಸ್ಕ್‌ನಿಂದ ಏಳಲಿಲ್ಲ ಎಂದ ಮಾತ್ರಕ್ಕೆ ಕಂಪ್ಯೂಟರ್ ಸತ್ತಿದೆ ಎಂದಲ್ಲ. ಕಡತಗಳು ಅಳಿಸಿವೆ ಎಂದೂ ಅಲ್ಲ. ಕಾಸು ಖರ್ಚಿಲ್ಲದ ಕೆಲವು ಪರೀಕ್ಷೆಗಳನ್ನು ಒಂದೊಂದಾಗಿ ಮಾಡಿ ನೋಡೋಣ.

ಸಾಲಿನಲ್ಲಿ ಮೊದಲು ಯಾರು?

ಬಟನ್ ಒತ್ತಿದ ಕೂಡಲೇ ವಿಂಡೋಸ್ ಬರುವುದಿಲ್ಲ. ಮದರ್‌ಬೋರ್ಡ್‌ನಲ್ಲಿರುವ ಒಂದು ಚಿಕ್ಕ ಪ್ರೋಗ್ರಾಂ ಮೊದಲು ಎಚ್ಚರವಾಗುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಹೆಸರು ಬಯಾಸ್, ಹೊಸದರಲ್ಲಿ ಯು.ಇ.ಎಫ್.ಐ. ರೇಷನ್ ಅಂಗಡಿ ಸಾಲಿನ ಹಾಗೆ ಅದರ ಬಳಿ ಒಂದು ಪಟ್ಟಿ ಇರುತ್ತದೆ: ಮೊದಲು ಹಾರ್ಡ್ ಡಿಸ್ಕ್, ಆಮೇಲೆ ಡಿ.ವಿ.ಡಿ., ಆಮೇಲೆ ಪೆನ್ ಡ್ರೈವ್. ಹಾರ್ಡ್ ಡಿಸ್ಕ್ ಮುಂದೆ ನಿಂತಿದ್ದರೆ ನೀವು ಹಾಕಿದ ಡಿಸ್ಕ್‌ನ ಸರದಿ ಬರುವುದೇ ಇಲ್ಲ.

ಆದ್ದರಿಂದ ಬಟನ್ ಒತ್ತಿದ ತಕ್ಷಣ ಬೂಟ್ ಮೆನು ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಿ. ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್ 12, ಎಚ್.ಪಿ.ಯಲ್ಲಿ ಎಫ್ 9. ಏಸರ್‌ನಲ್ಲೂ ಎಫ್ 12, ಆದರೆ ಕೆಲವು ಮಾದರಿಗಳಲ್ಲಿ ಮೊದಲು ಎಫ್ 2 ಒತ್ತಿ ಸೆಟಪ್‌ಗೆ ಹೋಗಿ ಆ ಮೆನುವನ್ನು ಆನ್ ಮಾಡಬೇಕು. ಬಂದ ಪಟ್ಟಿಯಲ್ಲಿ ಡಿ.ವಿ.ಡಿ. ಆರಿಸಿ. "ಪ್ರೆಸ್ ಎನಿ ಕೀ" ಎಂದು ಕಂಡರೆ ಕೆಲವೇ ಸೆಕೆಂಡುಗಳಲ್ಲಿ ಯಾವುದಾದರೂ ಕೀಲಿ ಒತ್ತಬೇಕು. ಸುಮ್ಮನೆ ನೋಡುತ್ತಾ ಕುಳಿತರೆ ಯಂತ್ರ ಮತ್ತೆ ಹಾರ್ಡ್ ಡಿಸ್ಕ್ ಕಡೆಗೇ ಹೋಗುತ್ತದೆ.

ಡಿಸ್ಕ್ ಸರಿಯಿದೆಯೇ?

ಅದೇ ಡಿಸ್ಕನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ಹಾಕಿ ತೆರೆಯಿರಿ. ಒಳಗೆ ಐ.ಎಸ್.ಒ. ಎಂಬ ಒಂದೇ ದೊಡ್ಡ ಕಡತ ಕಂಡರೆ ಬರೆದದ್ದೇ ತಪ್ಪು. ಅದನ್ನು ಕಡತವಾಗಿ ಕಾಪಿ ಮಾಡಿದ್ದಾರೆ. "ಬರ್ನ್ ಡಿಸ್ಕ್ ಇಮೇಜ್" ಎಂಬ ಆಯ್ಕೆಯಿಂದ ಬರೆದಿರಬೇಕಿತ್ತು. ಸರಿಯಾಗಿ ಬರೆದಿದ್ದರೆ ಒಳಗೆ ಹಲವು ಫೋಲ್ಡರ್‌ಗಳು ಕಾಣುತ್ತವೆ. ಹೊಸದಾಗಿ ಬರೆಯುವಾಗ ವೇಗ ಕಡಿಮೆ ಇಡಿ. ಸಿ.ಡಿ.ಯಲ್ಲಿ ಹಿಡಿಸುವುದು ಸುಮಾರು 700 ಎಂ.ಬಿ., ಸಾಮಾನ್ಯ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಎಂಬುದೂ ನೆನಪಿರಲಿ.

ಬೇರೆ ಕಡೆ ಓಡುವ ಡಿಸ್ಕ್ ನಿಮ್ಮಲ್ಲಿ ಓಡದಿದ್ದರೆ ಡ್ರೈವ್ ಮೇಲೆ ಅನುಮಾನ ಪಡಿ. ಮೆತ್ತನೆ ಬಟ್ಟೆಯಿಂದ ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತುಸುತ್ತಾಗಿ ಒರೆಸಬೇಡಿ. ಆಗಲೂ ಓದದಿದ್ದರೆ 8 ಜಿ.ಬಿ. ಪೆನ್ ಡ್ರೈವ್ ಸಾಕು. ರೂಫಸ್ ಎಂಬ ಉಚಿತ ಪ್ರೋಗ್ರಾಂನಿಂದ ಅದನ್ನೇ ಬೂಟ್ ಡಿಸ್ಕ್ ಮಾಡಬಹುದು. ಆದರೆ ಎಚ್ಚರ, ಪೆನ್ ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸುತ್ತದೆ.

ಹಳೇ ಡಿಸ್ಕ್, ಹೊಸ ಯಂತ್ರ

2012ರಲ್ಲಿ ವಿಂಡೋಸ್ 8 ಜೊತೆಗೆ ಬಂದ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಸೇರಿಕೊಂಡ. ಗುರುತಿನ ಸಹಿ ಇಲ್ಲದ ಡಿಸ್ಕನ್ನು ಅವನು ಒಳಗೆ ಬಿಡುವುದಿಲ್ಲ. ವಿಂಡೋಸ್ 7ರ ಹಳೇ ಡಿಸ್ಕ್ ಇಲ್ಲಿ ನಿಂತುಬಿಡುತ್ತದೆ. ಸೆಟಪ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಲೆಗಸಿ ಆಯ್ಕೆ ಇದ್ದರೆ ಆನ್ ಮಾಡಿ ನೋಡಬಹುದು. ಮುಟ್ಟುವ ಮೊದಲು ಪರದೆಯ ಫೋಟೋವನ್ನು ಮೊಬೈಲ್‌ನಲ್ಲಿ ತೆಗೆದಿಡಿ, ಕೆಲಸವಾದ ಮೇಲೆ ಇದ್ದಂತೆಯೇ ಇಡಿ. ಇತ್ತೀಚಿನ ಲ್ಯಾಪ್‌ಟಾಪ್‌ಗಳು ಇದರ ನಂತರ ಬಿಟ್‌ಲಾಕರ್ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ಸೆಟಪ್ ಬದಲಿಸಲು ಹೋಗಬೇಡಿ.

ಇನ್ನೊಂದು ಮಾತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಕಷ್ಟಪಟ್ಟು ಹಾಕಿದರೂ ಆ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಗಡಿಯಾರ ಹಿಂದೆ ಹೋಗಿದೆಯೇ?

ಪ್ರತಿಸಲವೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ, ನೀವು ಇಟ್ಟ ಸಾಲು ಮತ್ತೆ ಮತ್ತೆ ಬದಲಾಗುತ್ತಿದ್ದರೆ, ಮದರ್‌ಬೋರ್ಡ್‌ನ ಬಿಲ್ಲೆ ಬ್ಯಾಟರಿ ಮುಗಿದಿರಬಹುದು. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಿ.ಆರ್. 2032 ಎಂಬ 3 ವೋಲ್ಟ್ ಬ್ಯಾಟರಿ. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಡಿಸ್ಕ್ ಎದ್ದಿತು, ಈಗ ಆತುರ ಬೇಡ

ಅಪಾಯ ಇರುವುದು ಇಲ್ಲೇ. ವಿಂಡೋಸ್ ಡಿಸ್ಕ್ ಎದ್ದ ಖುಷಿಯಲ್ಲಿ "ಡಿಲೀಟ್", "ಫಾರ್ಮ್ಯಾಟ್" ಒತ್ತಿದರೆ ಆ ಭಾಗದಲ್ಲಿದ್ದ ಕಡತಗಳೆಲ್ಲ ಹೋದಂತೆಯೇ. ಅದಕ್ಕೂ ಮೊದಲು ಲೈವ್ ಲಿನಕ್ಸ್ ಡಿಸ್ಕ್ ಹಾಕಿ. ಹಾರ್ಡ್ ಡಿಸ್ಕ್ ಮೇಲೆ ಏನನ್ನೂ ಬರೆಯದೆ ಅದು ಡಿಸ್ಕ್‌ನಿಂದಲೇ ನಡೆಯುತ್ತದೆ. "ಇನ್‌ಸ್ಟಾಲ್" ಬಿಟ್ಟು "ಟ್ರೈ" ಅಥವಾ "ಲೈವ್" ಆರಿಸಿ, ಫೋಟೋ, ದಾಖಲೆಗಳನ್ನು ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್‌ನಲ್ಲಿ ತಮಿಳೂ ಇದೆ, ಕನ್ನಡವೂ ಇದೆ. ಸರ್ಕಾರ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲೂ ವಿಂಡೋಸ್ ಪಕ್ಕದಲ್ಲಿ ಅದನ್ನು ಹಾಕಿ ಕೊಟ್ಟದ್ದುಂಟು. ವಿಂಡೋಸ್ ಕೈಕೊಟ್ಟರೆ ಮೆನುವಿನಲ್ಲಿ ಬಾಸ್ ಇದೆಯೇ ನೋಡಿ. ಕೆಲಸ ಅಲ್ಲೇ ಮುಗಿಯಬಹುದು.

ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಕೂಡಲೇ ಆಫ್ ಮಾಡಿ, ಬಲ್ಲವರ ಕೈಗೆ ಕೊಡಿ.

ಕೊನೆಗೂ ಅಂಗಡಿಗೇ ಒಯ್ಯಬೇಕಾಯಿತೇ? ಕೊಡುವಾಗ ಮೂರು ಮಾತು ಕೇಳಿ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ನಲ್ಲಿ ಓದಿಸಿ ನೋಡುತ್ತೀರಾ? ಕಡತಗಳನ್ನು ಮೊದಲು ಯಾವುದಕ್ಕೆ ಕಾಪಿ ಮಾಡುತ್ತೀರಿ? ನನಗೆ ಫೋನ್ ಮಾಡದೆ ಫಾರ್ಮ್ಯಾಟ್ ಮಾಡುವುದಿಲ್ಲ ತಾನೇ? ತಮಿಳಿನಲ್ಲೇ ಕೇಳಿ, ಪರವಾಗಿಲ್ಲ. ಉತ್ತರ ಬರುವವರೆಗೆ ಲ್ಯಾಪ್‌ಟಾಪ್ ಕೈಬಿಡಬೇಡಿ.