ವಾಟ್ಸಾಪ್ ಗುಂಪಿನಲ್ಲಿ ಖಾಸಗಿತನ

ವಾಟ್ಸಾಪ್ ಸಂದೇಶಗಳು 2016ರಿಂದ ಗೂಢಲಿಪಿಯಲ್ಲಿ ಸಾಗುತ್ತವೆ. ನಡುದಾರಿಯಲ್ಲಿ ಕಂಪನಿಯೂ ಅವನ್ನು ಓದಲಾರದು. ಆದರೆ ಗುಟ್ಟು ರಟ್ಟಾಗುವುದಕ್ಕೆ ಅಷ್ಟು ದೊಡ್ಡ ಕಳ್ಳತನವೇನೂ ಬೇಕಿಲ್ಲ. ಅಪಾರ್ಟ್‌ಮೆಂಟಿನ ಗುಂಪಿಗೆ ಸೇರಿದವರ ಮೊಬೈಲ್ ನಂಬರು ಅಲ್ಲಿನ ಅಪರಿಚಿತರಿಗೂ ಸಿಗುತ್ತದೆ. ಅಲ್ಲಿ ಹಾಕಿದ ಮಗುವಿನ ಫೋಟೊವನ್ನು ಯಾರು ಬೇಕಾದರೂ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಗುಂಪಿಗೆ ದಾಟಿಸಬಹುದು. ತಮ್ಮನ್ನು ಗುಂಪಿಗೆ ಯಾರು ಸೇರಿಸಬಹುದೆಂದು ನಿರ್ಧರಿಸುವ ಸೆಟ್ಟಿಂಗ್ ಬಂದದ್ದೇ 2019ರಲ್ಲಿ.

ಮುಚ್ಚಿಡುವಂಥದ್ದೇನೂ ಇಲ್ಲದವರಿಗೆ ಭಯವೇಕೆ ಎಂಬುದು ಹಲವರ ವಾದ. ಕಾನೂನು ಅದನ್ನು ಒಪ್ಪಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಪ್ರಶ್ನಿಸಿ ಸಲ್ಲಿಸಿದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ ವ್ಯಕ್ತಿಗಳ ಸ್ವಂತ, ಮನೆಮಟ್ಟದ ಬಳಕೆಯನ್ನು ಹೊರಗಿಟ್ಟಿದೆ; ಫೋಟೊ ದಾಟಿಸಿದ ನೆಂಟರ ಮೇಲೆ ಅದು ಸಾಮಾನ್ಯವಾಗಿ ನಡೆಯದು.