ಎಂಜಿನ್ನಿನ ಉಸಿರಿನ ದಾರಿ

ಹಳೆಯ ಮಾರುತಿ 800 ಮತ್ತು ಅದರ ನಂತರ ಬಂದ ಆಲ್ಟೊ, ಎರಡರಲ್ಲೂ ಮೂರು ಸಿಲಿಂಡರ್, ಎರಡೂ 796 ಸಿಸಿ. ಆದರೆ 800ರ ಶಕ್ತಿ ಸುಮಾರು 37 ಹಾರ್ಸ್‌ಪವರ್, ಆಲ್ಟೊದ್ದು ಸುಮಾರು 46. ನಡುವೆ ಬದಲಾದದ್ದು ಮುಖ್ಯವಾಗಿ ಎಂಜಿನ್ನಿನ ಮೇಲ್ಭಾಗ. ಸಿಲಿಂಡರಿಗೆ ಎರಡು ವಾಲ್ವ್ ಇದ್ದ ಹೆಡ್ ಹೋಗಿ ನಾಲ್ಕು ವಾಲ್ವಿನ ಹೆಡ್ ಬಂತು.

ಈ ಎರಡು ಎಂಜಿನ್‌ಗಳ ಟಾರ್ಕ್, ಅಂದರೆ ತಿರುಗಿಸುವ ಬಲ, ನೋಡಿದರೆ ಅಚ್ಚರಿಯಾಗುತ್ತದೆ. ಒಂದರ ಗರಿಷ್ಠ 59 ನ್ಯೂಟನ್ ಮೀಟರ್, ಇನ್ನೊಂದರದ್ದು 62. ಹೆಚ್ಚಿದ್ದು ನೂರಕ್ಕೆ ಐದರಷ್ಟು ಮಾತ್ರ. ಹಾಗಾದರೆ ಶಕ್ತಿ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಏರಿದ್ದು ಹೇಗೆ? ಹಾರ್ಸ್‌ಪವರ್ ಎಂದರೆ ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದಾಗ ಸಿಗುವ ಲೆಕ್ಕ. ಹಳೆಯ ಎಂಜಿನ್ ನಿಮಿಷಕ್ಕೆ 5,000 ಸುತ್ತಿನ ಹೊತ್ತಿಗೆ ತನ್ನ ಗರಿಷ್ಠ ಶಕ್ತಿ ಮುಟ್ಟುತ್ತಿತ್ತು. ಆಚೆಗೆ ಸಿಲಿಂಡರಿಗೆ ಗಾಳಿ ಸಾಲುತ್ತಿರಲಿಲ್ಲ. ಹೊಸದು ಅದೇ ಬಲವನ್ನು 6,200 ಸುತ್ತಿನವರೆಗೂ ಉಳಿಸಿಕೊಂಡಿತು. ಒಳ್ಳೆಯ ಹೆಡ್ ಮಾಡುವ ಉಪಕಾರ ಇದೇ: ವೇಗ ಏರಿದಾಗಲೂ ಎಂಜಿನ್ನಿಗೆ ಉಸಿರು ಕಟ್ಟುವುದಿಲ್ಲ.

ಪೆಟ್ರೋಲನ್ನು ಎಷ್ಟು ಬೇಕಾದರೂ ಒಳಗೆ ಸುರಿಯಬಹುದು. ಕಷ್ಟ ಇರುವುದು ಗಾಳಿಯಲ್ಲಿ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿಂದ ಕೆಳಗೆ ಬರಲು ಹಿಡಿಯುವ ಸಮಯ ಸೆಕೆಂಡಿನ ಇನ್ನೂರರ ಒಂದು ಪಾಲು. ಅಷ್ಟರೊಳಗೆ ಗಾಳಿ ಪೋರ್ಟಿನ, ಅಂದರೆ ಹೆಡ್ಡಿನೊಳಗಿನ ಗಾಳಿದಾರಿಯ, ತಿರುವು ದಾಟಿ, ವಾಲ್ವಿನ ಅಂಚು ಬಳಸಿ, ಸಿಲಿಂಡರ್ ತುಂಬಬೇಕು.

ಗಾಳಿಯನ್ನು ಒಳಗೆ ನೂಕುವುದು ಹೊರಗಿನ ವಾತಾವರಣದ ಒತ್ತಡ ಮಾತ್ರ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಆ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಘಟ್ಟ ಹತ್ತಿ ಬಂದಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ.

ನಾಲ್ಕು ವಾಲ್ವಿನ ಲಾಭ ಸರಳ ಗಣಿತ. ವಾಲ್ವ್ ಎದ್ದಾಗ ಗಾಳಿ ನುಗ್ಗುವುದು ಅದರ ಸುತ್ತಲಿನ ಸಂದಿಯಿಂದ. 40 ಮಿಲಿಮೀಟರ್ ಅಗಲದ ಒಂದು ವಾಲ್ವಿನ ಸುತ್ತಳತೆ 126 ಮಿಲಿಮೀಟರ್. 30 ಮಿಲಿಮೀಟರಿನ ಎರಡು ವಾಲ್ವುಗಳದ್ದು ಒಟ್ಟು 188. ಅಷ್ಟೇ ಎತ್ತರಕ್ಕೆ ಎತ್ತಿದರೂ ಸಂದಿ ಒಂದೂವರೆ ಪಟ್ಟು. ವಾಲ್ವ್ ತನ್ನ ಅಗಲದ ಕಾಲು ಭಾಗದಷ್ಟು ಎದ್ದ ಮೇಲೆ ಸಂದಿ ಅಡ್ಡಿಯಾಗುವುದಿಲ್ಲ. ಅಲ್ಲಿಂದಾಚೆ ಗಾಳಿಯನ್ನು ತಡೆಯುವುದು ಪೋರ್ಟಿನ ಆಕಾರ.

ಈ ಆಕಾರವನ್ನೇ ಬದುಕಿನ ಕಸುಬು ಮಾಡಿಕೊಂಡವನು ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್. ಎಂಜಿನ್ ಚಾಲೂ ಮಾಡದೆಯೇ ಹೆಡ್ಡಿನ ಮೂಲಕ ಗಾಳಿ ಹರಿಸಿ ಅಳೆಯುವ ಉಪಕರಣವನ್ನು ಆತ ಬಳಕೆಗೆ ತಂದ. 1930ರ ದಶಕದಲ್ಲಿ ಕವೆಂಟ್ರಿಯ ಕಾರು ತಯಾರಕ ವಿಲಿಯಂ ಲಯನ್ಸ್ ಬಳಿ ಸ್ಟ್ಯಾಂಡರ್ಡ್ ಕಂಪನಿಯ 2.7 ಲೀಟರಿನ ಎಂಜಿನ್ ಇತ್ತು. ಅದರ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಗಾಳಿ ಮೇಲೇರಿ, ಅಡ್ಡ ಹಾಯ್ದು, ಮತ್ತೆ ಕೆಳಗಿಳಿಯಬೇಕಿತ್ತು. ಶಕ್ತಿ 70 ಹಾರ್ಸ್‌ಪವರಿನ ಆಸುಪಾಸು. ವೆಸ್ಲೇಕ್ ವಾಲ್ವುಗಳನ್ನು ಪಿಸ್ಟನ್ನಿನ ನೆತ್ತಿಯ ಮೇಲೆ ತಂದು ಹೊಸ ಹೆಡ್ ರೂಪಿಸಿದ. ಸಿಲಿಂಡರಿನ ಗಾತ್ರ ಅಷ್ಟೇ ಇದ್ದು ಶಕ್ತಿ 100 ದಾಟಿತು. 1935ರಲ್ಲಿ ಆ ಎಂಜಿನ್ ಹೊತ್ತು ಬಂದ ಕಾರಿಗೆ ಲಯನ್ಸ್ ಇಟ್ಟ ಹೆಸರು ಜಾಗ್ವಾರ್. ಹೆಡ್ ಬದಲಾದಾಗ ದಹನ ಕೊಠಡಿಯೂ ಬದಲಾಗುವುದರಿಂದ ಇಡೀ ಏರಿಕೆಯನ್ನು ಗಾಳಿಯ ಹರಿವಿನ ಲೆಕ್ಕಕ್ಕೇ ಬರೆಯಲಾಗದು, ಆದರೆ ದೊಡ್ಡ ಪಾಲು ಅದರದ್ದೇ.

ಇಂಥ ಕಥೆ ಕೇಳಿ ಡೈ ಗ್ರೈಂಡರ್ ಹಿಡಿದು ಪೋರ್ಟ್ ಕೊರೆಯಲು ಕೂರುವ ಹುರುಪಿನ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ದಾರಿ ಅಗಲವಾದಷ್ಟೂ ಗಾಳಿ ಹೆಚ್ಚು ಬಂದೀತು ಎಂಬ ಅವರ ನಂಬಿಕೆ ಅರ್ಧ ಮಾತ್ರ ನಿಜ. ಗಾಳಿಗೂ ತೂಕವಿದೆ, ಓಡತೊಡಗಿದರೆ ಅದು ತಟ್ಟನೆ ನಿಲ್ಲುವುದಿಲ್ಲ. ಪಿಸ್ಟನ್ ಕೆಳಗಿನ ಕೊನೆ ಮುಟ್ಟಿ ಮತ್ತೆ ಮೇಲೇರಲು ಶುರುವಿಟ್ಟ ಮೇಲೂ ಒಳಬರುವ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗವಾಗಿ ಬರುತ್ತಿರುವ ಗಾಳಿ ತನ್ನ ಓಟದ ಬಲದಿಂದಲೇ ಆಗಲೂ ಒಳಗೆ ತುಂಬಿಕೊಳ್ಳುತ್ತದೆ. ಈ ಬಲದಿಂದಾಗಿ ಒಳ್ಳೆಯ ರೇಸ್ ಎಂಜಿನ್‌ಗಳು ಟರ್ಬೊ ಇಲ್ಲದೆಯೂ ಸಿಲಿಂಡರಿನ ಗಾತ್ರಕ್ಕಿಂತ ಹೆಚ್ಚು ಗಾಳಿ ಹಿಡಿಯುತ್ತವೆ. ಪೋರ್ಟನ್ನು ಅತಿಯಾಗಿ ಅಗಲ ಮಾಡಿದರೆ ಈ ವೇಗ ಸತ್ತುಹೋಗುತ್ತದೆ. ಊರೊಳಗೆ ಓಡಿಸುವಾಗ ಪಿಕಪ್ಪೇ ಇಲ್ಲ ಎಂಬ ದೂರು ಹುಟ್ಟುವುದು ಹೀಗೆ. ಒಳತಿರುವಿನ ಗೋಡೆಯನ್ನು ಕೊರೆದು ಚೂಪು ಮಾಡಿದರಂತೂ ಗಾಳಿ ಅಲ್ಲಿ ಗೋಡೆ ಬಿಟ್ಟು ಸುಳಿಗಟ್ಟುತ್ತದೆ. ರಂಧ್ರ ದೊಡ್ಡದಾಗಿ ಹರಿವು ಕಡಿಮೆಯಾಗುತ್ತದೆ. ನುರಿತ ಕೆಲಸಗಾರರು ಮೊದಲು ಕೈಯಿಡುವುದು ವಾಲ್ವ್ ಸೀಟಿಗೆ, ಅಂದರೆ ಮುಚ್ಚಿದ ವಾಲ್ವ್ ಕೂರುವ ಅಂಚಿಗೆ. ಅದನ್ನು ಮೂರು ಕೋನಗಳಲ್ಲಿ ಹದವಾಗಿ ಕತ್ತರಿಸಿದರೆ ಸಿಗುವ ಲಾಭ ಎಷ್ಟೋ ಸಲ ಪೋರ್ಟ್ ಕೊರೆದರೂ ಸಿಗದು.

ಹರಿವು ಮತ್ತು ದಹನ ಎರಡನ್ನೂ ಒಟ್ಟಿಗೆ ಒಲಿಸಿಕೊಂಡದ್ದರಲ್ಲಿ ಎಂಜಿನಿಯರ್ ಕೀತ್ ಡಕ್ವರ್ತ್‌ನ ಕಾಸ್ವರ್ತ್ ಡಿಎಫ್‌ವಿ ಎಂಜಿನ್ನಿಗೆ ಸಾಟಿ ಕಡಿಮೆ. ಅಲ್ಲಿಯವರೆಗೆ ರೇಸ್ ಎಂಜಿನ್‌ಗಳಲ್ಲಿ ಒಳಬರುವ, ಹೊರಹೋಗುವ ವಾಲ್ವುಗಳನ್ನು ಎದುರುಬದುರು ಅಗಲವಾಗಿ ವಾಲಿಸುವುದು ವಾಡಿಕೆಯಾಗಿತ್ತು. ವಾಲ್ವುಗಳೇನೋ ದೊಡ್ಡವಾಗುತ್ತಿದ್ದವು, ಆದರೆ ಕಂಪ್ರೆಶನ್, ಅಂದರೆ ಗಾಳಿಯನ್ನು ಒತ್ತುವ ಪ್ರಮಾಣ, ಹೆಚ್ಚಿಸಲು ಪಿಸ್ಟನ್ನಿನ ತಲೆಯನ್ನು ಗುಮ್ಮಟವಾಗಿ ಎತ್ತಬೇಕಿತ್ತು. ಅದರ ಸುತ್ತ ಉಳಿಯುವ ತೆಳುವಾದ ಜಾಗದಲ್ಲಿ ಜ್ವಾಲೆ ನಿಧಾನವಾಗಿ ಹಬ್ಬುತ್ತಿತ್ತು. ಡಕ್ವರ್ತ್ ಸಿಲಿಂಡರಿಗೆ ನಾಲ್ಕು ವಾಲ್ವ್ ಕೊಟ್ಟು ನಡುವಿನ ಕೋನವನ್ನು 32 ಡಿಗ್ರಿಗೆ ಇಳಿಸಿದ. ಪಿಸ್ಟನ್ ತಲೆ ಚಪ್ಪಟೆಯಾಯಿತು, ದಹನ ಕೊಠಡಿ ಅಡಕವಾಯಿತು, ಪೋರ್ಟುಗಳು ನೇರವಾದವು. ಒಳಬಂದ ಗಾಳಿ ಸಿಲಿಂಡರಿನಲ್ಲಿ ಮೇಲಿಂದ ಕೆಳಗೆ ಉರುಳುವ ಸುಳಿಯಾಗಿ, ಕಿಡಿ ಬಿದ್ದೊಡನೆ ಬೆಂಕಿಯನ್ನು ಎಲ್ಲೆಡೆ ಹಬ್ಬಿಸಿತು. ಎಂಜಿನಿಯರುಗಳು ಇದನ್ನು ಟಂಬಲ್ ಎನ್ನುತ್ತಾರೆ. 1967ರ ಜೂನ್ 4ರಂದು ಹಾಲೆಂಡಿನ ಜಾಂಡ್‌ವೋರ್ಟಿನಲ್ಲಿ ಚಾಲಕ ಜಿಮ್ ಕ್ಲಾರ್ಕ್ ಈ ಎಂಜಿನ್ನಿನ ಮೊದಲ ರೇಸನ್ನೇ ಗೆದ್ದ. ಮೂರು ಲೀಟರಿನಲ್ಲಿ 400 ಹಾರ್ಸ್‌ಪವರ್ ಮೀರಿದ ಡಿಎಫ್‌ವಿ ಮತ್ತು ಅದರ ಸುಧಾರಿತ ರೂಪ 1983ರವರೆಗೆ 155 ಫಾರ್ಮುಲಾ ಒನ್ ರೇಸ್ ಗೆದ್ದವು.

ಅದೇ ಸುಳಿಯನ್ನು ಈಗ ಇಂಧನ ಉಳಿಸಲು ದುಡಿಸಿಕೊಳ್ಳಲಾಗುತ್ತಿದೆ. ಬಿಡದಿಯಲ್ಲಿ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿ ಹೈಬ್ರಿಡ್‌ನ 2.5 ಲೀಟರ್ ಎಂಜಿನ್ನಿನಲ್ಲಿ ವಾಲ್ವ್ ಸೀಟನ್ನು ಬೇರೆ ಉಂಗುರವಾಗಿ ಕೂರಿಸದೆ, ಲೇಸರ್‌ನಿಂದ ಲೋಹದ ಪುಡಿ ಕರಗಿಸಿ ಹೆಡ್ಡಿನ ಮೇಲೇ ಲೇಪಿಸುತ್ತಾರೆ. ಉಂಗುರಕ್ಕೆ ಬೇಕಿದ್ದ ಜಾಗ ಉಳಿದದ್ದರಿಂದ ಪೋರ್ಟನ್ನು ಹೆಚ್ಚು ನೇರವಾಗಿ ಎಳೆಯಲು ಸಾಧ್ಯವಾಯಿತು. ಹರಿವೂ ಸುಳಿಯೂ ಒಟ್ಟಿಗೆ ಹೆಚ್ಚಿದವು. ಪೆಟ್ರೋಲಿನ ಶಾಖದಲ್ಲಿ ಶೇಕಡಾ 41ರವರೆಗೆ ಈ ಎಂಜಿನ್ ಕೆಲಸವಾಗಿ ಪರಿವರ್ತಿಸುತ್ತದೆ ಎಂದು ಟೊಯೊಟಾ ಹೇಳುತ್ತದೆ.